ಜಪಾನಮ್ಮನ ಎಡೆ

ನಮ್ಮ ಮನೆಯಲ್ಲಿ ಸುಳ್ಳು ಹೇಳುವವರು ಯಾರೂ ಇರಲಿಲ್ಲ. ಅಪ್ಪ ಕೆಮ್ಮುತ್ತಿದ್ದ, ಅಮ್ಮ ಒಲೆ ಊದುತ್ತಿದ್ದಳು, ಅಜ್ಜಿ ಎಲ್ಲವನ್ನೂ ದೇವರ ಮೇಲೆ ಹಾಕುತ್ತಿದ್ದಳು, ಚಿಕ್ಕಪ್ಪ ಮೀಸೆಯೊಳಗೇ ನಗುತ್ತಿದ್ದ. ಸುಳ್ಳು ಮಾತ್ರ ಹಿತ್ತಲಿನ ಕುಂಬಳದ ಬಳ್ಳಿಯಂತೆ ತಾನಾಗಿಯೇ ಹಬ್ಬಿ ಮಾಡು ಹತ್ತುತ್ತಿತ್ತು. ಬೀಜ ಹಾಕಿದ್ದು ಯಾರು ಎಂದು ಕೇಳಿದರೆ ಎಲ್ಲರೂ ಅಂಗೈ ತೋರಿಸುವವರೇ. ಆ ಬಳ್ಳಿಯಲ್ಲಿ ಬಿಟ್ಟ ಕಾಯಿಯನ್ನು ತಲೆಯ ಮೇಲೆ ಹೊತ್ತು ತಿರುಗಿದವಳು ಒಬ್ಬಳೇ, ನಮ್ಮ ಚಿಕ್ಕಮ್ಮ. ಸಿಟ್ಟು ಮಾಡಿಕೊಳ್ಳಬೇಡಿ, ರಕ್ತದೊತ್ತಡ ಏರುತ್ತದೆ ಎಂದು ಡಾಕ್ಟರು ನನಗೆ ಹೇಳಿದ್ದಾರೆ. ಏರಲಿ. ಈ ಸಂಗತಿಯನ್ನು ತಣ್ಣಗೆ ಕೂತು ಬರೆಯುವುದು ನನ್ನಿಂದ ಆಗುವುದಿಲ್ಲ.

ಶಿಕಾರಿಪುರದ ನಮ್ಮ ಮನೆಗೆ ಉದ್ದಕ್ಕೆ ಒಂದು ಪಡಸಾಲೆ, ಅದರ ಹಿಂದೆ ಹಗಲಲ್ಲೂ ಕತ್ತಲೆಯ ನಡುಮನೆ, ಅದರ ಹಿಂದೆ ಹೊಗೆಯ ಅಡುಗೆಮನೆ. ಗಂಡಸರು ಪಡಸಾಲೆಯಿಂದ ಒಳಗೆ ಬರುತ್ತಿದ್ದುದು ಊಟಕ್ಕೆ ಮಾತ್ರ; ಹೆಂಗಸರು ಅಡುಗೆಮನೆಯಿಂದ ಹೊರಗೆ ಬರುತ್ತಿದ್ದುದು ಬೈಸಿಕೊಳ್ಳಲಿಕ್ಕೆ ಮಾತ್ರ. ಎರಡೂ ಕಡೆ ಅಡ್ಡಾಡುವ ಪರವಾನಗಿ ಇದ್ದವನು ನಾನು. ಕಾರಣ ಇಷ್ಟೇ, ನಾನು ಅಣಕಿಸುತ್ತಿದ್ದೆ. ಅಪ್ಪ ಇಲ್ಲ ಅನ್ನುವ ಮೊದಲು ಕೆಮ್ಮುವ ಕೆಮ್ಮು, ಅಜ್ಜಿ ಕಾಲು ಚಾಚುವಾಗ ಹೊರಡಿಸುವ ಹರಹರಾ, ಹಾಲಿನವಳ ನಡಿಗೆ, ಗಣಿತದ ಮೇಷ್ಟರ ಸೀನು, ಎಲ್ಲ ನನ್ನ ಬಳಿ ದಾಸ್ತಾನಿತ್ತು. ಪಡಸಾಲೆಯವರಿಗೆ ಅಡುಗೆಮನೆಯನ್ನೂ ಅಡುಗೆಮನೆಯವರಿಗೆ ಪಡಸಾಲೆಯನ್ನೂ ಮಾಡಿ ತೋರಿಸಿ ಎರಡೂ ಕಡೆ ಚಕ್ಕುಲಿ ವಸೂಲು ಮಾಡುತ್ತಿದ್ದೆ. ಸ್ವಂತ ಧ್ವನಿ ಅಂತ ಒಂದು ನನಗೆ ಇತ್ತೋ ಇಲ್ಲವೋ. ಇದ್ದದ್ದೂ ಆ ವರ್ಷ ಒಡೆದು ಸೀಳು ಬಿದಿರಿನಂತೆ ಆಗಿತ್ತು. ಮೂಗಂತೂ ಮೊದಲಿನಿಂದಲೂ ಬೇರೆ ಯಾರದೋ ಮುಖಕ್ಕೆ ಮಾಡಿಸಿ ನನಗೆ ಕೊಟ್ಟಂತಿತ್ತು.

ಚಿಕ್ಕಪ್ಪನ ಅಣಕು ಎಲ್ಲಕ್ಕಿಂತ ಸುಲಭ. ಮಾತೇ ಬೇಡ. ತೋರುಬೆರಳಿನಿಂದ ಮೀಸೆಯ ಎಡತುದಿ ಸವರುವುದು, ಕಣ್ಣು ಅರ್ಧ ಮುಚ್ಚುವುದು, ಆಮೇಲೆ "ಬಿಡ್ರಿ, ಅದೆಲ್ಲ ಹಳೇ ಮಾತು" ಅನ್ನುವುದು. ಮುಗಿಯಿತು, ಚಿಕ್ಕಪ್ಪ ತಯಾರು. ಅವನು ದೊಡ್ಡ ಯುದ್ಧದಲ್ಲಿ ಪಲ್ಟನ್ನಿನ ಲಾರಿ ಡ್ರೈವರ್ ಆಗಿದ್ದ. ಯುದ್ಧ ಮುಗಿದ ಮೇಲೆ ಸೋತ ಜಪಾನನ್ನು ಕಾಯಲು ಹೋದ ದಂಡಿನ ಜೊತೆ ಅಲ್ಲಿಗೂ ಹೋಗಿ ಬಂದ. ತಿರುಗಿ ಬರುವಾಗ ಟ್ರಂಕಿನಲ್ಲಿ ಒಂದು ಕಂಬಳಿ, ಒಂದು ಕ್ಷೌರದ ಪೆಟ್ಟಿಗೆ, ಮತ್ತೆ ಕೊಳವೆಯಂತೆ ಸುತ್ತಿದ ಒಂದು ಚಿತ್ರ ತಂದಿದ್ದ. ಚಿತ್ರಕ್ಕೆ ಗಾಜು, ಕಟ್ಟು ಹಾಕಿಸಿ ಪಡಸಾಲೆಯಲ್ಲಿ ಗಡಿಯಾರದ ಪಕ್ಕ ತೂಗುಹಾಕಿದರು. ಆ ಮೇಲೆ ಸೊರಬದಿಂದ ಹೆಣ್ಣು ತಂದು ಅವನ ಮದುವೆ ಮಾಡಿದರು. ಹೀಗೆ ಚಿಕ್ಕಮ್ಮ ಮನೆಗೆ ಬರುವ ಹೊತ್ತಿಗೆ ಗೋಡೆಯ ಮೇಲೆ ಒಬ್ಬಳು ಆಗಲೇ ಬಂದು ಕೂತಿದ್ದಳು.

ಕೂತಿದ್ದಳೇನು, ನಿಂತಿದ್ದಳು. ಅರ್ಧ ಮಡಿಸಿದ ಕೊಡೆಯೊಂದನ್ನು ಹಿಡಿದು, ನೆಲಕ್ಕೆ ತಾಗುವ ತೋಳಿನ ನಿಲುವಂಗಿ ತೊಟ್ಟು, ಕತ್ತು ಒಂದು ಕಡೆ ವಾಲಿಸಿ, ತೋಳಿನ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡು. ಮುಖ ಸುಣ್ಣ ಬಳಿದಂತೆ ಬಿಳಿ. ತಲೆಯ ತುಂಬ ಕಡ್ಡಿ, ಬಾಚಣಿಗೆ. ಹಣೆಯ ಮೇಲೆ ನೇರಳೆ ಬಣ್ಣದ ಒಂದು ತುಂಡು ಪಟ್ಟಿ. ಬಲಗಡೆ ಮೇಲಿನಿಂದ ಕೆಳಕ್ಕೆ ಇರುವೆ ಸಾಲಿನಂಥ ಅಕ್ಷರಗಳು. ಊರಿನವರು ಅವಳಿಗೆ ಜಪಾನಮ್ಮ ಎಂದು ಹೆಸರಿಟ್ಟರು. ಬಂದವರೆಲ್ಲ ಕೇಳುತ್ತಿದ್ದರು: "ಯಾರ್ರಿ ಇವರು?" ಚಿಕ್ಕಪ್ಪ ಮೀಸೆ ಸವರುತ್ತಿದ್ದ. "ಅಲ್ಲಿ ಗುರ್ತಾದೋರೇನ್ರಿ?" ಕಣ್ಣು ಅರ್ಧ ಮುಚ್ಚುತ್ತಿದ್ದ. "ಬಿಡ್ರಿ, ಅದೆಲ್ಲ ಹಳೇ ಮಾತು." ಕೇಳಿದವರು ತೊಡೆ ತಟ್ಟಿಕೊಂಡು ನಗುತ್ತಿದ್ದರು. ಚಿಕ್ಕಪ್ಪ ಆಗ ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್. ಬಸ್ಸಿನ ಮುಂದಿನ ಸೀಟಿನಲ್ಲಿ ಕೂತವರೆಲ್ಲ ಈ ಕಥೆಗೆ ಒಂದೊಂದು ರೆಕ್ಕೆ ಕಟ್ಟಿ ಇಳಿದು ಹೋಗುತ್ತಿದ್ದರು. ಶಿರಾಳಕೊಪ್ಪ ದಾಟುವುದರೊಳಗೆ ಜಪಾನಮ್ಮ ಒಬ್ಬ ಜಮೀನುದಾರನ ಮಗಳಾಗಿರುತ್ತಿದ್ದಳು. ಸೊರಬ ಮುಟ್ಟುವುದರೊಳಗೆ ಚಿಕ್ಕಪ್ಪನಿಗಾಗಿ ಅತ್ತು ಅತ್ತು ಸತ್ತೇ ಹೋಗಿರುತ್ತಿದ್ದಳು.

ಚಿಕ್ಕಮ್ಮನ ಹೆಸರು ಪಾರ್ವತಿ. ಆ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಕರೆದದ್ದು ನಾನು ಕೇಳಿಲ್ಲ. ಅಜ್ಜಿಗೆ ಅವಳು 'ಸೊರಬದಾಕಿ'. ಅವಳಿಗೆ ಮೊದಲನೆಯ ಕೂಸು ಹುಟ್ಟಿ ಉಳಿಯಲಿಲ್ಲ. ಎರಡನೆಯದೂ ಉಳಿಯಲಿಲ್ಲ. ಎರಡನೆಯದು ಹೋದ ಮೇಲೆ ಅಜ್ಜಿ ನಡುಮನೆಯಲ್ಲಿ ಕಾಲು ಚಾಚಿ ಕೂತು ಯೋಚಿಸತೊಡಗಿದಳು. ಅಜ್ಜಿ ಯೋಚಿಸತೊಡಗಿದರೆ ಯಾರಿಗಾದರೂ ಕಷ್ಟ ಕಾದಿದೆ ಎಂದೇ ಅರ್ಥ. ಅಷ್ಟರಲ್ಲಿ ನಮ್ಮ ಓಣಿಗೆ ಒಬ್ಬ ಗ್ರಾಮಸೇವಕ ಬಂದ. ಸರ್ಕಾರ ಆಗ ಭತ್ತವನ್ನು ಜಪಾನಿ ಪದ್ಧತಿಯಲ್ಲಿ ನೆಡಿರಿ ಎಂದು ಹೇಳಿಸುತ್ತಿತ್ತು. ಈತ ಕೈಯಲ್ಲಿ ಗಂಟು ಹಾಕಿದ ಹಗ್ಗ ಹಿಡಿದು ಊರೂರು ತಿರುಗಿ, ಸಸಿಯನ್ನು ಸಾಲಾಗಿ ನೆಡುವುದು ಹೇಗೆಂದು ತೋರಿಸುತ್ತಿದ್ದ. ಜಪಾನನ್ನು ಅವನು ನೋಡಿದ್ದು ಒಂದು ಭಿತ್ತಿಪತ್ರದಲ್ಲಿ. ಆದರೆ ಇಡೀ ತಾಲೂಕು ಅವನನ್ನು 'ಜಪಾನ್ ಸಾಹೇಬ' ಅನ್ನುತ್ತಿತ್ತು, ಅವನೂ ಓಗೊಡುತ್ತಿದ್ದ. ಅಜ್ಜಿ ಅವನನ್ನು ಕರೆಸಿ, ಅವಲಕ್ಕಿ ಕೊಟ್ಟು, ಚಿತ್ರದ ಮುಂದೆ ನಿಲ್ಲಿಸಿದಳು.

"ಇದನ್ನ ಓದಿ ಹೇಳ್ರಿ ಸಾಹೇಬ್ರೆ. ಯಾರು ಈಕಿ?"

ಗೊತ್ತಿಲ್ಲ ಅನ್ನಬಹುದಿತ್ತು. ಮೂರಕ್ಷರದ ಮಾತು, ಕಾಸು ಖರ್ಚಿಲ್ಲ. ಆದರೆ ಅವಲಕ್ಕಿ ಬಾಯಲ್ಲಿತ್ತು, ಓಣಿಯ ಹೆಂಗಸರು ಬಾಗಿಲಲ್ಲಿ ನಿಂತಿದ್ದರು. ಅವನು ಕನ್ನಡಕ ಒರೆಸಿ, ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ನೋಡಿ ಗಂಟಲು ಸರಿಮಾಡಿಕೊಂಡ.

"ಇದು ಆಕಿ ಹೆಸ್ರು, ಅಜ್ಜಿ. ಇದು ಊರು. ಈ ಸಣ್ಣದೈತಲ್ಲ, ಇದು ತೀರಿಕೊಂಡ ದಿವಸ."

"ಹೆಸ್ರೇನು?"

"ಕನ್ನಡದ ಬಾಯಿಗೆ ಬರೋದಿಲ್ಲ ಅದು."

"ಹಣಿ ಮ್ಯಾಲೆ ಈ ಪಟ್ಟಿ ಎಂಥದು?"

ಇಲ್ಲಿ ಒಂದು ಕ್ಷಣ ಅವನೂ ತಡವರಿಸಿದ. ಆ ಕ್ಷಣವನ್ನು ನಾನು ಇಂದಿಗೂ ಕತ್ತು ಹಿಡಿದು ನಿಲ್ಲಿಸಬಲ್ಲೆ. ಆಮೇಲೆ ಹೇಳಿದ: "ಅದು ಅವರ ಕಡೆ ಮುತ್ತೈದಿ ಗುರ್ತು. ನಮ್ಮಲ್ಲಿ ಕುಂಕುಮ ಇದ್ದಂಗೆ. ಮದುವಿ ಆದೋರು ಮಾತ್ರ ಕಟ್ಟೋದು."

ಮುಗಿಯಿತು. ಅಜ್ಜಿ ಹರಹರಾ ಎಂದು ಗೋಡೆಗೆ ಒರಗಿದಳು. ಮಗ ಅಲ್ಲಿ ಮದುವೆಯಾಗಿದ್ದ. ಮುತ್ತೈದೆಯಾಗಿ ಸತ್ತ ಮೊದಲ ಹೆಂಡತಿ ಗೋಡೆಯ ಮೇಲೆ ನಿಂತು ಎರಡನೆಯವಳ ಕೂಸುಗಳನ್ನು ನುಂಗುತ್ತಿದ್ದಾಳೆ. ಇನ್ನು ಹುಡುಕುವುದು ಏನಿತ್ತು? ಸಂಜೆ ಚಿಕ್ಕಪ್ಪ ಡ್ಯೂಟಿ ಮುಗಿಸಿ ಬಂದಾಗ ಅಜ್ಜಿ ಕೇಳಿದಳು, "ಹೌದೇನೋ?" ನಾನು ಅಲ್ಲೇ ಕಂಬಕ್ಕೆ ಒರಗಿದ್ದೆ. ಚಿಕ್ಕಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಚೊಂಬು ಹಿಡಿದು ನಿಂತಿದ್ದಳು. ಚಿಕ್ಕಪ್ಪ ಅವಳನ್ನು ನೋಡಿದ, ಅಜ್ಜಿಯನ್ನು ನೋಡಿದ, ಬಾಗಿಲಲ್ಲಿ ಕತ್ತು ಚಾಚಿದ್ದ ಪಕ್ಕದ ಮನೆಯವರನ್ನು ನೋಡಿದ. ತೋರುಬೆರಳು ಮೀಸೆಗೆ ಹೋಯಿತು.

"ಬಿಡವ್ವ, ಅದೆಲ್ಲ ಹಳೇ ಮಾತು."

ನಮ್ಮ ಕಡೆ ಒಂದು ಪದ್ಧತಿ ಇದೆ. ಮೊದಲ ಹೆಂಡತಿ ಸತ್ತ ಮೇಲೆ ಬಂದ ಎರಡನೆಯವಳು ಸವತಿ ತಾಳಿ ಕಟ್ಟಿಕೊಳ್ಳಬೇಕು. ತನ್ನ ತಾಳಿಯ ಪಕ್ಕದಲ್ಲೇ ಬೆಳ್ಳಿಯದೊಂದು ಬಿಲ್ಲೆ, ಅದರ ಮೇಲೆ ಸತ್ತವಳ ಮುಖ. ಹಬ್ಬಕ್ಕೆ ಸೀರೆ ಉಡುವ ಮೊದಲು ಆ ಬಿಲ್ಲೆಗೆ ತೋರಿಸಬೇಕು. ಮಹಾಲಯ ಅಮಾವಾಸ್ಯೆಗೆ, ಅಂದರೆ ಹಿರಿಯರ ಹಬ್ಬಕ್ಕೆ, ಸವತಿಯ ಹೆಸರಿನಲ್ಲಿ ಎಡೆ ಇಟ್ಟು ಅಡ್ಡ ಬೀಳಬೇಕು. ಅಕ್ಕಸಾಲಿಯನ್ನು ಮನೆಗೇ ಕರೆಸಿದರು. ಅವನು ಚಿತ್ರವನ್ನು ನೋಡಿಕೊಂಡು, ಬಹಳ ಮುತುವರ್ಜಿಯಿಂದ, ಬಿಲ್ಲೆಯ ಮೇಲಿನ ಹೆಣ್ಣಿಗೆ ಓರೆಗಣ್ಣು ಮಾಡಿಕೊಟ್ಟ. ಅದನ್ನು ಚಿಕ್ಕಮ್ಮನ ಕೊರಳಿಗೆ ಕಟ್ಟಿದರು. ಚಿತ್ರವನ್ನು ಪಡಸಾಲೆಯಿಂದ ನಡುಮನೆಗೆ ತಂದು ಹಾಕಿದರು. ಗಾಜಿನ ಮೇಲೆ, ಆ ನೇರಳೆ ಪಟ್ಟಿಯ ಜಾಗಕ್ಕೆ ಸರಿಯಾಗಿ, ದಿನಾ ಬೆಳಿಗ್ಗೆ ಚಿಕ್ಕಮ್ಮನೇ ಕುಂಕುಮ ಹಚ್ಚಬೇಕು. ಆ ವರ್ಷದ ಎಡೆಗೆ ಜಪಾನಿನವರು ಮೀನು ತಿನ್ನುತ್ತಾರಂತೆ ಎಂಬ ಸಮಸ್ಯೆ ಎದ್ದಿತು. "ಈ ಮನಿಗೆ ಬಂದ ಮ್ಯಾಲೆ ಈ ಮನಿ ಊಟ," ಎಂದು ಅಜ್ಜಿ ತೀರ್ಪು ಕೊಟ್ಟಳು. ಎಲ್ಲರೂ ನಕ್ಕರು. ನಾನೂ ನಕ್ಕೆ; ಅಷ್ಟೇ ಅಲ್ಲ, ಜಪಾನಮ್ಮ ಹೋಳಿಗೆ ತಿಂದರೆ ಹೇಗಿರುತ್ತದೆಂದು ಮಾಡಿಯೂ ತೋರಿಸಿದೆ. ಅಡ್ಡ ಬಿದ್ದಿದ್ದ ಚಿಕ್ಕಮ್ಮ ಎದ್ದು, ಸೆರಗು ಸರಿಮಾಡಿಕೊಂಡು, ಹೋಳಿಗೆಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಚಿಕ್ಕಪ್ಪ ಮಣೆಯ ಮೇಲೆ ಕೂತು ಎರಡನೆಯ ಹೋಳಿಗೆಗೆ ತುಪ್ಪ ಕೇಳುತ್ತಿದ್ದ.

ಮರುವರ್ಷ ಸ್ವಾತಂತ್ರ್ಯ ದಿನಾಚರಣೆಗೆ ನಮ್ಮ ಶಾಲೆಯಲ್ಲಿ ನಾಟಕ ಆಯಿತು. ರಾಣಿಯ ಪಾತ್ರಕ್ಕೆ ಹುಡುಗಿಯರನ್ನು ಯಾರು ಕಳಿಸುತ್ತಾರೆ? ನನ್ನನ್ನೇ ನಿಲ್ಲಿಸಿದರು. ಸೀರೆ ಉಟ್ಟೆ, ಬಳುಕಿದೆ, ಧ್ವನಿ ಒಡೆದದ್ದರಿಂದ ರಾಣಿಗೆ ನೆಗಡಿ ಎಂದು ಮೇಷ್ಟರು ಮಾತು ಸೇರಿಸಿದರು. ತೊಂದರೆಯಾದದ್ದು ಹಣೆಯದು. ನನಗೆ ಹಿಂದಿನ ವಾರವಷ್ಟೇ ಮುಂದಲೆಯನ್ನು ಸಣ್ಣಗೆ ಕತ್ತರಿಸಿದ್ದರು. ಬಾಡಿಗೆಯ ಕೂದಲಿನ ಟೋಪನ್ನು ಎಷ್ಟು ಕೆಳಗೆ ಎಳೆದರೂ ಅದರ ಅಂಚಿನಲ್ಲಿ ನನ್ನ ಗಂಡು ಕೂದಲು ಕೊಯ್ದ ರಾಗಿ ಹೊಲದ ಕೂಳೆಯಂತೆ ಎದ್ದು ಕಾಣುತ್ತಿತ್ತು. ಮೇಷ್ಟರು ಬೈದು, ಒಂದು ತುಂಡು ಬಟ್ಟೆಯನ್ನು ಹಣೆಗೆ ಅಡ್ಡಲಾಗಿ ಕಟ್ಟಿ, ಅದರ ಮೇಲೆ ಟೋಪು ಕೂರಿಸಿದರು. ಈಗ ರಾಣಿ ಸರಿಹೋದಳು. ಮೂಗನ್ನು ಮುಚ್ಚಲು ಮಾತ್ರ ಅವರ ಬಳಿ ಬಟ್ಟೆ ಇರಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಗೌರಿ ಹಬ್ಬ. ಚಿಕ್ಕಮ್ಮ ತವರಿಗೆ ಹೊರಟಳು, ಜೊತೆಗೆ ನಾನು. ಹೊರಡುವಾಗ ಅಜ್ಜಿ ಚಿತ್ರವನ್ನು ಗೋಡೆಯಿಂದ ತೆಗೆಸಿ ಅವಳ ಕೈಗೆ ಕೊಟ್ಟಳು. ಕಟ್ಟಿನ ಮರಕ್ಕೆ ಹುಳ ಬಿದ್ದಿದೆ. ಸೊರಬದ ಗುಡಿಗಾರರ ಹತ್ತಿರ ಬಳ್ಳಿ ಕೆತ್ತಿದ ಹೊಸ ಕಟ್ಟು ಹಾಕಿಸಿ, ಅಮಾವಾಸ್ಯೆಯ ಎಡೆಗೆ ಮುಂಚೆ ತರಬೇಕು. ಹೀಗೆ ಚಿಕ್ಕಮ್ಮ, ತನ್ನ ಗಂಡನೇ ಓಡಿಸುವ ಬಸ್ಸಿನಲ್ಲಿ, ತನ್ನ ಸವತಿಯನ್ನು ತನ್ನ ತೊಡೆಯ ಮೇಲೆ ಕೂರಿಸಿಕೊಂಡು, ತನ್ನ ತವರಿಗೆ ಹೋದಳು. ದಾರಿಯುದ್ದಕ್ಕೂ ಜನ ಬಗ್ಗಿ ನೋಡಿದರು. ಒಬ್ಬಾತ ಮುಂದೆ ಕೂಗಿದ: "ಡ್ರೈವರೇ, ಇಬ್ರನ್ನೂ ಕರ್ಕೊಂಡು ಹೊಂಟೀರಲ್ರಿ! ಟಿಕೀಟು ಎಷ್ಟು ಹರಿದ್ರಿ?" ಬಸ್ಸಿಗೆ ಬಸ್ಸೇ ನಕ್ಕಿತು. ಮುಂದಿನ ಕನ್ನಡಿಯಲ್ಲಿ ಚಿಕ್ಕಪ್ಪನ ಬೆರಳು ಮೀಸೆಗೆ ಹೋದದ್ದು ನನಗೆ ಕಂಡಿತು. ಚಿಕ್ಕಮ್ಮ ಕಿಟಕಿಯ ಕಡೆ ತಿರುಗಿದಳು. ಶಿರಾಳಕೊಪ್ಪದ ಗದ್ದೆಗಳು ಬಂದವು, ಹೋದವು. ಅವಳು ಏನನ್ನೂ ನೋಡುತ್ತಿರಲಿಲ್ಲ.

ಗುಡಿಗಾರ ಮಂಜಪ್ಪ ಚಿಕ್ಕಮ್ಮನ ತವರುಮನೆಯ ಬೀದಿಯವನೇ. ಶ್ರೀಗಂಧದ ಕೆತ್ತನೆಯಲ್ಲಿ ಸೊರಬದಿಂದ ಸಾಗರದವರೆಗೆ ತನ್ನಷ್ಟು ಬಲ್ಲವನಿಲ್ಲ ಎಂದು ಕೇಳದಿದ್ದರೂ ಹೇಳುವ ಮನುಷ್ಯ. ಚಿಕ್ಕಮ್ಮ ಲಂಗ ಉಡುವ ಕಾಲದಿಂದ ಅವಳನ್ನು ಬಲ್ಲ. ಕಟ್ಟು ಬಿಚ್ಚಿ, ಕುಂಕುಮ ಮೆತ್ತಿದ ಗಾಜನ್ನು ಪಕ್ಕಕ್ಕಿಟ್ಟು, ಚಿತ್ರವನ್ನು ಜಗಲಿಯ ಬೆಳಕಿಗೆ ತಂದ. ಬೆರಳಿನ ತುದಿಯಿಂದ ಸವರಿದ. ತಿರುಗಿಸಿ ಬೆನ್ನು ನೋಡಿದ. ಆಮೇಲೆ ಎಲೆಯಡಿಕೆ ಉಗಿದು ಬಂದು ಮತ್ತೆ ನೋಡಿದ.

"ಎಂತ ಪಾರು, ಇದನ್ನ ಕೈಲಿ ಬರ್ದಿದ್ದು ಅಂತ ಯಾರು ಹೇಳಿದ್ರು ನಿಂಗೆ? ಇದು ಮರದ ಅಚ್ಚು ಮಾರಾಯ್ತಿ! ನೋಡಿಲ್ಲಿ, ಗೆರೆ ತುದಿ ನೋಡು, ಕುಂಚದ್ದಲ್ಲ, ಉಳಿದು. ಈ ಆಕಾಶದಲ್ಲಿ ತೆರೆ ತೆರೆ ಕಾಣ್ತದಲ್ಲ, ಅದು ಮೋಡ ಅಲ್ಲ, ಹಲಗೆ ನಾರು. ಹಿಂದ್ಗಡೆ ನೋಡು, ತಿಕ್ಕಿದ ಗುರ್ತು. ಗೆರೆಗೆ ಒಂದು ಹಲಗೆ, ಒಂದೊಂದು ಬಣ್ಣಕ್ಕೆ ಒಂದೊಂದು ಹಲಗೆ. ಕೆತ್ತಿದೋನು ಭಾರೀ ಪಳಗಿದೋನೇ, ನನ್ನಷ್ಟಲ್ಲ ಅಂತಿಟ್ಕೋ."

"ಅಂದ್ರೆ?" ಎಂದಳು ಚಿಕ್ಕಮ್ಮ.

"ಅಂದ್ರೆ ಎಂತ? ಹಲಗೆ ಒಂದ್ಸಲ ಕೆತ್ತಿದ್ರೆ ಮುಗೀತು, ನೂರಾರು ಒತ್ತಬಹುದು. ಪ್ಯಾಟೆಲಿ ಮಾರೋ ಸರಕು ಇದು. ಇವಳು ನಿನ್ನ ಗಂಡನ ಹೆಂಡ್ತಿ ಅಂತಾದ್ರೆ, ಇವಳ ಗಂಡಂದಿರು ಊರಿಗೊಬ್ಬರು ಇರ್ಬೇಕು ನೋಡು!"

ತನ್ನ ಮಾತಿಗೆ ತಾನೇ ನಕ್ಕ. ಚಿಕ್ಕಮ್ಮ ನಗಲಿಲ್ಲ. ಅವಳು ಕುಕ್ಕರಗಾಲಿನಲ್ಲಿ ಕೂತು, ಗಾಜಿಲ್ಲದ ಆ ಮುಖವನ್ನು ಮೊದಲ ಸಲ ಹತ್ತಿರದಿಂದ ನೋಡುತ್ತಿದ್ದಳು. ನಾನೂ ಬಗ್ಗಿದೆ. ಕುಂಕುಮದ ರಾಶಿಯ ಹಿಂದೆ ಅಡಗಿದ್ದ ನೇರಳೆ ಪಟ್ಟಿ ಈಗ ಪೂರ್ತಿ ಕಾಣುತ್ತಿತ್ತು. ಅದು ಬೊಟ್ಟಲ್ಲ, ಒಡವೆಯಲ್ಲ. ಬಟ್ಟೆ. ಮುಂದಲೆಯ ಮೇಲೆ ಮುಚ್ಚಿದ ಬಟ್ಟೆ, ಅದರ ಹಿಂದಿನಿಂದ ಎದ್ದ ಟೋಪಿನಂಥ ತುರುಬು. ಕೆಳಗೆ ಆ ಉದ್ದ ದವಡೆ, ನನ್ನದಕ್ಕೆ ಸಡ್ಡು ಹೊಡೆಯುವ ಆ ಮೂಗು. ಕೊಡೆ ಹಿಡಿದ ಮಣಿಕಟ್ಟಿನ ಆ ಬಳುಕು ಹೆಂಗಸರು ಕೊಡೆ ಹಿಡಿಯುವ ರೀತಿಯಲ್ಲ. ನಾನು ಹೆಂಗಸಿನ ಪಾತ್ರದಲ್ಲಿ ಕೊಡೆ ಹಿಡಿದರೆ ಬರುವ ಬಳುಕು. ನನ್ನ ಕೈ ತಾನಾಗಿ ನನ್ನ ಹಣೆಗೆ ಹೋಯಿತು.

"ಚಿಕ್ಕಮ್ಮ, ಇದು ಗಂಡಸು."

"ಹುಚ್ಚು ಮಾತಾಡಬೇಡ ಸುಮ್ನಿರು."

"ಅಲ್ಲ ಚಿಕ್ಕಮ್ಮ. ನಾಟಕದ ಗಂಡಸು. ಮುಂದಲೆ ಬೋಳಿಸಿಕೊಂಡಾನೆ, ಕಾಣಬಾರದು ಅಂತ ಬಟ್ಟೆ ಹಾಕ್ಕೊಂಡಾನೆ. ನನಗೂ ಹಂಗೇ ಕಟ್ಟಿದ್ರಲ್ಲ, ನೀನೇ ನೋಡಿದ್ಯಲ್ಲ." ಎದ್ದು ನಿಂತು, ಮಂಜಪ್ಪನ ಹೆಗಲ ಮೇಲಿನ ವಸ್ತ್ರ ಎಳೆದು ಹಣೆಗೆ ಕಟ್ಟಿಕೊಂಡು, ಅವನ ಮುರುಕು ಕೊಡೆ ಹಿಡಿದು, ಅಂಗಿಯ ತೋಳು ಕಚ್ಚಿ, ಕತ್ತು ವಾಲಿಸಿದೆ. ಮಂಜಪ್ಪ ಚಿತ್ರವನ್ನು ನೋಡಿದ, ನನ್ನನ್ನು ನೋಡಿದ. "ಅಯ್ಯೋ ಇವನ ಮನೆ ಹಾಳಾಗ. ಹೌದಲ್ಲ!" ಎಂದ.

ಎಷ್ಟೋ ವರ್ಷದ ಮೇಲೆ ಬೆಂಗಳೂರಿನ ಒಂದು ಪ್ರದರ್ಶನದಲ್ಲಿ ಇಂಥವೇ ಅಚ್ಚುಗಳನ್ನು ಸಾಲಾಗಿ ತೂಗುಹಾಕಿದ್ದನ್ನು ಕಂಡೆ. ಹೆಣ್ಣಿನ ಪಾತ್ರ ಮಾಡುವ ನಟರು ಮುಂದಲೆ ಬೋಳಿಸಲೇಬೇಕೆಂದು ಅಲ್ಲಿಯ ದೊರೆತನ ಒಂದು ಕಾಲದಲ್ಲಿ ಆಜ್ಞೆ ಮಾಡಿತ್ತಂತೆ. ಬೋಳನ್ನು ಮುಚ್ಚಲು ಅವರು ನೇರಳೆ ಬಟ್ಟೆ ಹಾಕಿಕೊಳ್ಳುತ್ತಿದ್ದರಂತೆ. ಊರಿನ ಜನ ತಮ್ಮ ಮೆಚ್ಚಿನ ನಟರ ಅಚ್ಚುಗಳನ್ನು ಕೊಂಡು ಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದರಂತೆ. ಪಕ್ಕದ ಫಲಕದಲ್ಲಿ ಬರೆದಿತ್ತು. ಓದಿ ಹೆಮ್ಮೆಪಡಬೇಕಿತ್ತು, ಮೀಸೆ ಮೂಡದ ಹುಡುಗನಾಗಿದ್ದಾಗಲೇ ಕಂಡುಹಿಡಿದೆನಲ್ಲ ಎಂದು. ಬಂದದ್ದು ಸಿಟ್ಟು ಮಾತ್ರ. ಪ್ರದರ್ಶನದ ನಡುವೆ ನಿಂತು ಗ್ರಾಮಸೇವಕನ ಧ್ವನಿಯಲ್ಲಿ "ಅದು ಮುತ್ತೈದಿ ಗುರ್ತು" ಎಂದು ಗಟ್ಟಿಯಾಗಿಯೇ ಅಂದುಬಿಟ್ಟೆ. ಕಾವಲುಗಾರ ಬಂದು ನೋಡಿ ಹೋದ.

ಆ ದಿನ ಜಗಲಿಯಲ್ಲಿ ಚಿಕ್ಕಮ್ಮ ಕೊರಳಿನ ಬಿಲ್ಲೆಯನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದಳು. ಅಳುತ್ತಾಳೆ ಅಂದುಕೊಂಡೆ. ಕೊನೆಗೆ ಕೇಳಿದಳು: "ಅವರಿಗೆ ಗೊತ್ತಿರ್ತದಲ್ಲ? ಕೊಂಡುಕೊಂಡೋರಿಗೆ?" ಉತ್ತರ ಅವಳಿಗೇ ಗೊತ್ತಿತ್ತು. ಹೊಸ ಕಟ್ಟು ಬೇಡ ಅಂದಳು; ಹಳೆಯದನ್ನೇ ಹಾಕಿಸಿ, ಗಾಜು ತೊಳೆದು, ಬಟ್ಟೆಯಲ್ಲಿ ಸುತ್ತಿಕೊಂಡಳು. "ಶಿಕಾರಿಪುರಕ್ಕೆ ಹೋದಮೇಲೆ ನೀನು ಬಾಯಿ ಬಿಟ್ಟರೆ ನಿನ್ನ ನಾಲಿಗೆ ಕಿತ್ತು ಕೈಗೆ ಕೊಡ್ತೀನಿ. ನಾನು ಹೇಳು ಅಂದಾಗ ಹೇಳಬೇಕು," ಎಂದಳು. ಅಮಾವಾಸ್ಯೆಯವರೆಗೆ ನಾನು ಬಾಯಿ ಮುಚ್ಚಿಕೊಂಡಿದ್ದೆ. ನನ್ನ ಜೀವನದಲ್ಲಿ ಅಷ್ಟು ಉದ್ದದ ಮೌನ ಮತ್ತೆ ನಡೆದಿಲ್ಲ. ಅಜ್ಜಿ ನನಗೆ ಹೊಟ್ಟೆ ಕೆಟ್ಟಿದೆ ಎಂದು ಓಮದ ನೀರು ಕುಡಿಸಿದಳು.

ಹಿರಿಯರ ಹಬ್ಬದ ದಿನ ಚಿಕ್ಕಮ್ಮ ಒಬ್ಬಳೇ ಅಡುಗೆಗೆ ನಿಂತಳು. ಹೋಳಿಗೆ, ಕಡುಬು, ಕೋಸಂಬರಿ, ಎಣ್ಣೆಗಾಯಿ, ಹೆಸರುಬೇಳೆ ಪಾಯಸ. ಅಮ್ಮ ಸಹಾಯಕ್ಕೆ ಹೋದರೆ "ನೀವು ಕೂರ್ರಿ ಅಕ್ಕ" ಅಂದಳು. ಅಪ್ಪನ ಸೋದರತ್ತೆಯ ಮಕ್ಕಳು, ಓಣಿಯವರು, ಎಲ್ಲ ಸೇರಿ ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲ. ತೀರಿಕೊಂಡವರಿಗೆ ಒಂದೊಂದು ಎಲೆ. ಕೊನೆಯ ಎಲೆ ಜಪಾನಮ್ಮನದು, ಅದರ ಮುಂದೆ ಹೊಸ ಸೀರೆ, ಬಳೆ. ಎಡೆ ಇಡುವಾಗ ಆ ಮನೆಯ ಗಂಡಸು ಸತ್ತವರ ಹೆಸರು ಹೇಳಿ ನೀರು ಬಿಡಬೇಕು. ಅಪ್ಪ ಅಜ್ಜನ ಹೆಸರು ಹೇಳಿದ, ಮುತ್ತಜ್ಜಿಯ ಹೆಸರು ಹೇಳಿದ. ಚಿಕ್ಕಪ್ಪನ ಸರದಿ ಬಂತು. ಹಿಂದಿನ ವರ್ಷ ಅವನು ತುಟಿ ಆಡಿಸಿ ಮುಗಿಸಿದ್ದ. ಈ ವರ್ಷವೂ ಚೊಂಬು ಎತ್ತಿದ.

"ಹೆಸರು ಹೇಳ್ರಿ," ಎಂದಳು ಚಿಕ್ಕಮ್ಮ.

ನಡುಮನೆಯಲ್ಲಿ ಹೆಂಗಸರ ಧ್ವನಿ ಕೇಳಿಬರುವ ಹೊತ್ತಲ್ಲ ಅದು. ಎಲ್ಲರೂ ತಿರುಗಿದರು.

"ಹೆಸರು ಹೇಳದೆ ಬಿಟ್ಟ ನೀರು ಯಾರಿಗೂ ಮುಟ್ಟೋದಿಲ್ಲ ಅಂತಾರೆ ಅತ್ತೆ. ನಾನು ವರ್ಷದಿಂದ ದಿನಾ ಕುಂಕುಮ ಹಚ್ಚೋಳು. ನನಗೂ ಗೊತ್ತಾಗಲಿ. ಹೇಳ್ರಿ."

"ಹೇಳೋ," ಎಂದಳು ಅಜ್ಜಿ, ಅವಳಿಗೂ ಕುತೂಹಲ.

"ಅದು... ಆ ಭಾಷೆ ಬ್ಯಾರೆ... ಈಗೆಲ್ಲಿ ನೆನಪು," ಎಂದ ಚಿಕ್ಕಪ್ಪ. ಬೆರಳು ಮೀಸೆಗೆ ಹೋಯಿತು. ಯಾಕೋ ಎಡತುದಿ ಸಿಗಲಿಲ್ಲ.

"ಕಟ್ಟಿಕೊಂಡ ಹೆಂಡ್ತಿ ಹೆಸರು ನೆನಪಿಲ್ಲ?" ಚಿಕ್ಕಮ್ಮ ನನ್ನ ಕಡೆ ತಿರುಗಿದಳು. "ಬಾರೋ ಇಲ್ಲಿ. ಮಂಜಪ್ಪ ಎಂತ ಅಂದ, ಅವನ ಧ್ವನಿಯಲ್ಲೇ ಹೇಳು. ಆಮೇಲೆ ಆ ಪಟ್ಟಿ ಎಂತದ್ದು ಅಂತ ತೋರಿಸು."

ನಾನು ಅಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದೆಲ್ಲ ಒಮ್ಮೆಲೆ ಹೊರಬಂತು. ಎಲೆಯಡಿಕೆಯ ಬಾಯಿ, ಹಲಗೆ, ನಾರು, ಉಳಿ, "ಇವಳ ಗಂಡಂದಿರು ಊರಿಗೊಬ್ಬರು". ಜನ ಮೊದಲು ಬೆರಗಾದರು, ಆಮೇಲೆ ಒಬ್ಬಳು ಕಿಸಕ್ಕೆಂದಳು. ಎಲೆ ಒರೆಸುವ ಬಟ್ಟೆಯನ್ನು ಹಣೆಗೆ ಕಟ್ಟಿ, ಚಿತ್ರದ ಪಕ್ಕ ಹೋಗಿ ಅದರಂತೆಯೇ ನಿಂತೆ. "ರಾಣಿ!" ಎಂದು ನನ್ನ ನಾಟಕ ನೋಡಿದ್ದ ಹುಡುಗ ಕೂಗಿದ. ನಗು ಗೋಡೆಯಿಂದ ಗೋಡೆಗೆ ಬಡಿಯಿತು. ಅಪ್ಪ ಕೆಮ್ಮುತ್ತ ಎದ್ದು ಬಂದು ನನ್ನ ಕೆನ್ನೆಗೆ ಒಂದು ಬಿಗಿದ. ಆ ಮನೆಯಲ್ಲಿ ಸತ್ಯಕ್ಕೆ ಮೊದಲು ಸಿಗುತ್ತಿದ್ದುದು ಯಾವಾಗಲೂ ಅದೇ.

ಚಿಕ್ಕಮ್ಮ ಗಂಡನನ್ನು ಬಿಟ್ಟು ಬೇರೆ ಯಾರನ್ನೂ ನೋಡುತ್ತಿರಲಿಲ್ಲ.

"ನಾನೆಲ್ಲಿ ಹೆಂಡ್ತಿ ಅಂದಿದ್ದೆ?" ಎಂದ ಚಿಕ್ಕಪ್ಪ ಸಿಡಿದು. "ಒಂದ್ಸಲನಾದ್ರೂ ಅಂದೀನೇನು? ನೀವೇ ಅಂದ್ರಿ. ನಿಮ್ಮ ಸಾಹೇಬ ಅಂದ. ಅದು ನಾಟಕದೋನ ಚಿತ್ರ. ಬಜಾರಿನಾಗೆ ಮಾರ್ತಿದ್ರು, ಎಲ್ರೂ ಕೊಂಡ್ರು, ನಾನೂ ಕೊಂಡ್ಕೊಂಡೆ."

"ಅಲ್ಲ ಅಂತ ಯಾಕೆ ಅನ್ನಲಿಲ್ಲ?"

ಅವನು ಚೊಂಬಿನೊಳಗೆ ನೋಡಿದ. ಆ ಮುಖವನ್ನು ನಾನು ಮುಂದೆ ಎಷ್ಟೋ ಸಲ ಕನ್ನಡಿಯ ಮುಂದೆ ಮಾಡಿ ನೋಡಿದ್ದೇನೆ. ಪಶ್ಚಾತ್ತಾಪ ಅಂತೂ ಅಲ್ಲ. ಆಟದ ಸಾಮಾನು ಕಿತ್ತುಕೊಂಡ ಕೂಸಿನ ಮುಖ.

"ಎಲ್ರೂ ಕೇಳ್ತಿದ್ರು," ಎಂದ. "ಕೇಳಿಸ್ಕೊಳ್ಳೋಕೆ ಒಂಥರಾ ಚಲೋ ಅನ್ನಿಸ್ತಿತ್ತು."

"ನನ್ನ ಕೊರಳಿಗೆ ಇದನ್ನ ಕಟ್ಟುವಾಗ್ಲೂ ಚಲೋ ಅನ್ನಿಸ್ತಾ? ನನ್ನ ಕೂಸುಗಳನ್ನ ಅದು ತಿಂತು, ನಾನು ಅದರ ಕಾಲಿಗೆ ಬೀಳಬೇಕು ಅಂದಾಗ್ಲೂ?"

ಅಜ್ಜಿ ಮಧ್ಯೆ ಬಾಯಿ ಹಾಕಿದಳು. ಅವಳು ಸೋಲುವ ಪೈಕಿ ಅಲ್ಲ. "ಆತು ಬಿಡವ್ವ, ಗಂಡಸೋ ಹೆಂಗಸೋ, ಇಟ್ಟ ಎಡಿ ಇಟ್ಟಾಗೈತಿ. ಅಡ್ಡ ಬಿದ್ದು ಮುಗಿಸು. ಹೊತ್ತಾತು, ಹೊರಗೆ ಕಾಗಿ ಕಾಯ್ತಾವೆ."

ಚಿಕ್ಕಮ್ಮ ಕೊರಳಿಗೆ ಕೈ ಹಾಕಿ ಆ ಬೆಳ್ಳಿಯ ಬಿಲ್ಲೆಯನ್ನು ದಾರ ಸಮೇತ ಎಳೆದಳು. ಅದನ್ನು ಎಸೆಯಲಿಲ್ಲ. ಎಲೆಯ ತುದಿಯಲ್ಲಿ, ಉಪ್ಪು ಬಡಿಸುವ ಜಾಗದಲ್ಲಿ ಇಟ್ಟಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸತ್ತವಳಿಗೆಂದು ಹಾಕಿದ ಆ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು. ಎಲ್ಲರಿಗೂ ಬಡಿಸಿ, ಗಂಡಸರು ಉಂಡು, ಮಕ್ಕಳು ಉಂಡು, ಅತ್ತೆ ಉಂಡು, ಉಳಿದದ್ದನ್ನು ಒಲೆಯ ಮುಂದೆ ಕೂತು ಉಣ್ಣುವ ಹೆಂಗಸು, ನಡುಮನೆಯ ಮಧ್ಯದಲ್ಲಿ, ಇನ್ನೂ ಒಬ್ಬ ಗಂಡಸೂ ತುತ್ತು ಎತ್ತದಿರುವಾಗ, ಹೋಳಿಗೆ ಮುರಿದು ಬಾಯಿಗಿಟ್ಟಳು.

"ಏ! ಏ ಸೊರಬದಾಕಿ! ಸತ್ತೋರ ಎಡಿ ಅದು! ಕಾಗಿ ಮುಟ್ಟಿಲ್ಲ ಇನ್ನೂ!" ಅಜ್ಜಿಯ ಧ್ವನಿ ನನ್ನದಕ್ಕಿಂತ ಕೆಟ್ಟದಾಗಿ ಒಡೆಯಿತು.

"ಸತ್ತೋರು ಯಾರೂ ಇಲ್ಲ ಅತ್ತೆ. ನನಗೆ ಹಸಿವಾಗಿದೆ."

ಅವಳು ಅವಸರ ಮಾಡಲಿಲ್ಲ. ಕೋಸಂಬರಿ ಉಂಡಳು, ಎಣ್ಣೆಗಾಯಿ ಉಂಡಳು, ಕಡುಬನ್ನು ಬಿಡಿಸಿ ಒಳಗಿನ ಹೂರಣ ಮೊದಲು ತಿಂದಳು. ಅವಳಿಗೆ ಹಾಗೆ ತಿನ್ನುವುದು ಇಷ್ಟವೆಂದು ಆ ಮನೆಯಲ್ಲಿ ಅವತ್ತಿನವರೆಗೆ ಯಾರಿಗೂ ಗೊತ್ತಿರಲಿಲ್ಲ. ಎಲೆ ಅರ್ಧ ಖಾಲಿಯಾದಾಗ ತಲೆ ಎತ್ತದೆ ಹೇಳಿದಳು: "ಅನ್ನ."

ಚಿಕ್ಕಪ್ಪ ಅಮ್ಮನ ಕಡೆ ನೋಡಿದ. ಅಮ್ಮ ಅಭ್ಯಾಸದಿಂದ ಏಳಲು ಹೊರಟವಳು, ಏನನ್ನಿಸಿತೋ, ಮತ್ತೆ ಕೂತು ಕಂಬಕ್ಕೆ ಒರಗಿದಳು.

"ನಿಮಗೇ ಹೇಳಿದ್ದು," ಎಂದಳು ಚಿಕ್ಕಮ್ಮ.

ಜಪಾನನ್ನು ಕಾದು ಬಂದ ಸಿಪಾಯಿ ಅಡುಗೆಮನೆಯ ಹೊಸ್ತಿಲು ದಾಟಿ ಒಳಗೆ ಹೋದ. ಅಲ್ಲಿ ಪಾತ್ರೆಗಳ ಸದ್ದು, ಏನೋ ಬಿದ್ದ ಸದ್ದು. ಅನ್ನದ ತಪ್ಪಲೆಯನ್ನೇ ಎತ್ತಿಕೊಂಡು, ಕೈ ಸುಟ್ಟುಕೊಂಡು ಬಂದು, ಬಗ್ಗಿ, ಎಲೆಗಿಂತ ನೆಲಕ್ಕೇ ಹೆಚ್ಚು ಬಡಿಸಿದ. ಚಿಕ್ಕಮ್ಮ ಅನ್ನವನ್ನು ಬೆರಳಿನಿಂದ ಮಧ್ಯಕ್ಕೆ ಎಳೆದು, ಗುಳಿ ಮಾಡಿ, ಕಾದಳು.

"ತುಪ್ಪ," ಎಂದಳು.

ಅವನು ಮತ್ತೆ ಒಳಗೆ ಹೋದ.